ಎಂಸಿಬಿ ಬಿದ್ದಿಲ್ಲ ಅಂದ್ರೆ ಎಕ್ಸ್‌ಟೆನ್ಷನ್ ಬಾಕ್ಸ್ ಸೇಫಾ?

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮದು ಏಳೆಂಟು ಜನರ ಪುಟ್ಟ ಆಫೀಸು. ಬಾಡಿಗೆ ಜಾಗ, ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಕಡಿಮೆ. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಎರಡು ಕಂಪ್ಯೂಟರ್, ಲೇಸರ್ ಪ್ರಿಂಟರ್, ಟೀ ಕೆಟಲ್ ಎಲ್ಲಾ ಹಾಕಿದ್ದೇವೆ. ಬಾಕ್ಸ್ ಸ್ವಲ್ಪ ಬಿಸಿ ಆಗುತ್ತೆ. ಆದರೆ ಒಂದು ದಿನವೂ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಬೋರ್ಡಿನ ಸ್ವಿಚ್) ಬಿದ್ದಿಲ್ಲ. ಹಾಗಾದ್ರೆ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ. ಮೊದಲು ಆ ಕೆಟಲ್ ಪ್ಲಗ್ ತೆಗೆಯಿರಿ, ಆಮೇಲೆ ಮುಂದೆ ಓದಿ.

ಲೋಡ್ ಜಾಸ್ತಿಯಾದರೆ ಎಂಸಿಬಿ ನೋಡಿಕೊಳ್ಳುತ್ತದೆ ಅಂತ ಸುಮಾರು ಜನ ನಂಬಿಕೊಂಡಿದ್ದಾರೆ. ನೋಡಿಕೊಳ್ಳುವುದು ನಿಜ. ಆದರೆ ಅದನ್ನು ಹಾಕಿರುವುದು ಗೋಡೆಯೊಳಗಿನ ವೈರ್ ಸುಡಬಾರದು ಅಂತ. ನೀವು ಅಂಗಡಿಯಿಂದ ತಂದು ಸಿಕ್ಕಿಸಿದ ಬಾಕ್ಸು ಎಷ್ಟು ತಡೆಯುತ್ತದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ.

ನಿಮ್ಮ ಬಾಕ್ಸಿನದೇ ಲೆಕ್ಕ ಹಾಕೋಣ. ಸಾಮಾನಿನ ಮೇಲೆ ಬರೆದಿರುವ ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಸಣ್ಣ ಪಿನ್ನಿನ ಮಾಮೂಲಿ ಬಾಕ್ಸು 6 ಆಂಪಿಯರ್‌ನದು. ಅಂದರೆ ಎಲ್ಲಾ ತೂತು ಸೇರಿ 1380 ವ್ಯಾಟ್. ಒಂದೊಂದಕ್ಕೆ ಅಷ್ಟಲ್ಲ, ಒಟ್ಟಿಗೆ ಅಷ್ಟೇ. ಕೆಟಲ್ ಸಾಮಾನ್ಯವಾಗಿ 1500 ವ್ಯಾಟ್ ಇರುತ್ತದೆ. ಅದೊಂದೇ ಮಿತಿ ದಾಟಿತು! ಎರಡು ಕಂಪ್ಯೂಟರಿಗೆ ಒಂದು 400 ವ್ಯಾಟ್, ಪ್ರಿಂಟರ್ ಬಿಸಿಯಾಗುವ ಹೊತ್ತಿಗೆ 500 ಅಂತ ಹಿಡಿಯಿರಿ. ಒಟ್ಟು 2400 ವ್ಯಾಟ್, ಹತ್ತು ಆಂಪಿಯರ್‌ಗೂ ಮೇಲೆ.

ಗೋಡೆಯ ಕಡೆ 16 ಆಂಪಿಯರ್ ಎಂಸಿಬಿ ಇದೆ ಅಂದುಕೊಳ್ಳಿ. ಅದು ಹತ್ತು ಆಂಪಿಯರ್‌ಗೆ ಯಾಕೆ ಬೀಳುತ್ತೆ? 18 ಆಂಪಿಯರ್ ಹರಿದರೂ ಒಂದು ಗಂಟೆ ಬೀಳದೆ ತಡೆದುಕೊಳ್ಳಬೇಕು ಅಂತಲೇ ಅದನ್ನು ತಯಾರಿಸಿರುತ್ತಾರೆ. ಇತ್ತ ಬಾಕ್ಸಿನ ಪಾಡು ಬೇರೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. ಹಾಗಾಗಿ ನಿಮ್ಮ ಬಾಕ್ಸು 6 ಆಂಪಿಯರ್‌ನಲ್ಲಿ ಆಗಬೇಕಿದ್ದ ಬಿಸಿಯ ಮೂರರಷ್ಟನ್ನು ತಿನ್ನುತ್ತಿದೆ. ಟೀ ಬೇಗ ಕುದಿದು ಕೆಟಲ್ ಆಫ್ ಆಗುವುದರಿಂದ ಇಷ್ಟು ದಿನ ಉಳಿದಿದೆ, ಅಷ್ಟೆ.

ಈ ಬಿಸಿ ಮೊದಲು ಕಾಣಿಸಿಕೊಳ್ಳುವುದು ಪಿನ್ನು ಕೂರುವ ಜಾಗದಲ್ಲಿ. ಒಳಗಿನ ಹಿತ್ತಾಳೆ ಪಟ್ಟಿ ಬಿಸಿಯಾಗಿ ಆರಿ, ಬಿಸಿಯಾಗಿ ಆರಿ ಸಡಿಲವಾಗುತ್ತದೆ. ಸಡಿಲವಾದಷ್ಟೂ ಬಿಸಿ ಇನ್ನೂ ಜಾಸ್ತಿ. ಸ್ವಿಚ್ ಆಫ್ ಮಾಡಿ ಕೆಟಲ್ ಪ್ಲಗ್ ಕಿತ್ತು ನೋಡಿ. ಪಿನ್ನಿನ ತುದಿ ಕಪ್ಪಾಗಿದೆಯಾ? ಬಾಕ್ಸಿನ ತೂತಿನ ಸುತ್ತ ದೋಸೆ ಅಂಚಿನಂಥ ಕಂದು ಬಣ್ಣ ಬಂದಿದೆಯಾ? ಪ್ಲಗ್ ಹಾಕಿದರೆ ಲೊಡಲೊಡ ಅನ್ನುತ್ತದಾ? ಒಂದಕ್ಕೆ ಹೌದು ಅಂದರೂ ಸಾಕು, ಆ ಬಾಕ್ಸನ್ನು ಕಸಕ್ಕೆ ಹಾಕಿ. ಟೇಪ್ ಸುತ್ತಿ ಬಳಸಬೇಡಿ.

‘ನಮ್ಮದು ಸ್ಪೈಕ್ ಬಸ್ಟರ್, ಅದಕ್ಕೇನೂ ಆಗಲ್ಲ’ ಅನ್ನುವವರೂ ಇದ್ದಾರೆ. ಅದು ವೋಲ್ಟೇಜ್ ದಿಢೀರ್ ಏರಿದಾಗ ಕಂಪ್ಯೂಟರ್ ಉಳಿಸುವುದಕ್ಕೆ ಇರುವುದು. ಲೋಡ್ ಮಿತಿಯನ್ನು ಅದರ ಬೆನ್ನಿಗೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಒಂದು ಬಾಕ್ಸಿಗೆ ಇನ್ನೊಂದು ಬಾಕ್ಸ್ ಸಿಕ್ಕಿಸಿದರೂ ಮಿತಿ ಹೆಚ್ಚುವುದಿಲ್ಲ, ಮೊದಲನೆಯದರ ಮೇಲೆ ಭಾರ ಬೀಳುತ್ತದೆ. ಕೆಟಲ್ಲಿನ ದೊಡ್ಡ ಪಿನ್ನನ್ನು ಸಣ್ಣ ತೂತಿಗೆ ಹೊಂದಿಸುವ ಕನ್ವರ್ಟರ್ ಕೂಡ ಬೇಡ. ಕಾರ್ಪೆಟ್ ಕೆಳಗೆ, ಬಾಗಿಲ ಸಂದಿಯಲ್ಲಿ ವೈರ್ ಎಳೆಯಬೇಡಿ. ಡ್ರಮ್ಮಿಗೆ ಸುತ್ತಿದ ವೈರ್ ಆದರೆ ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿದಂತೆಯೇ ಇದ್ದರೆ ಬಿಸಿ ಹೊರಗೆ ಹೋಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಒಂದು ಮಾತು ಹೇಳಲೇಬೇಕು. ಊರಲ್ಲಿ ಎಲ್ಲಿ ನೋಡಿದರೂ ಇಂಟೀರಿಯರ್ ಕೆಲಸ ನಡೆಯುತ್ತಿರುತ್ತದೆ. ಕಟ್ಟಿಂಗ್ ಮಷಿನ್ನಿನ ವೈರಿಗೆ ಪ್ಲಗ್ಗೇ ಇರಲ್ಲ. ಎರಡು ತುದಿ ಸುಲಿದು ಸಾಕೆಟ್ಟಿಗೆ ತುರುಕಿ, ಬೀಳದಿರಲಿ ಅಂತ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಲೋಹದ ಮೈಯಿನ ಮಷಿನ್ ಆಗಿದ್ದರೆ ಅರ್ಥಿಂಗ್ ಇಲ್ಲದಂತಾಯಿತು. ಒಳಗೆ ವೈರ್ ತಗುಲಿ ಮೈಗೆ ಕರೆಂಟ್ ಬಂದರೆ, ಅದು ನೆಲಕ್ಕೆ ಇಳಿಯುವುದು ಹಿಡಿದವನ ಮೂಲಕ. ಎಂಸಿಬಿ ಆಗಲೂ ಬೀಳುವುದಿಲ್ಲ, ಯಾಕೆಂದರೆ ಮನುಷ್ಯನನ್ನು ಕೊಲ್ಲಲು ಒಂದು ಆಂಪಿಯರ್ ಕೂಡ ಬೇಕಿಲ್ಲ. ಇಂಥ ಶಾಕ್‌ನಿಂದ ಉಳಿಯಲು ಬೇಕಾದದ್ದು 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಅಷ್ಟು ಸಣ್ಣ ಕರೆಂಟ್ ಸೋರಿದರೂ ತಕ್ಷಣ ಆಫ್ ಆಗುವ ಸ್ವಿಚ್. ನಿಮ್ಮ ಮೇನ್ ಬೋರ್ಡಿನಲ್ಲಿ ‘ಟೆಸ್ಟ್’ ಅಂತ ಗುಂಡಿ ಇರುವ ಅಗಲವಾದ ಸ್ವಿಚ್ ಇದೆಯಾ ನೋಡಿ. ಆ ಗುಂಡಿ ಒತ್ತಿದರೆ ಅದು ಬೀಳಬೇಕು. ಕಂಪ್ಯೂಟರ್‌ಗಳನ್ನು ಆಫ್ ಮಾಡಿ ಒತ್ತಿ, ಇಲ್ಲದಿದ್ದರೆ ನನ್ನನ್ನು ಬೈತೀರ.

ಹೊಸ ಬಾಕ್ಸು ತರಲು ಎಸ್‌ಪಿ ರೋಡಿಗೋ ಚಿಕ್ಕಪೇಟೆಗೋ ಹೋದರೆ ಸ್ವಿಚ್ಚಿನ ಲೈಟಿಗೆ ಮರುಳಾಗಬೇಡಿ, ವೈರ್ ನೋಡಿ. ಐಎಸ್‌ಐ ಗುರುತು ಇರಲಿ. ಪ್ಲಗ್ಗಿಗೆ ಮೂರು ಪಿನ್ ಇರಲಿ. ವೈರ್ ತಾಮ್ರದ್ದೇ ಇರಲಿ, ಮೇಲೆ ತಾಮ್ರ ಬಳಿದ ಅಲ್ಯೂಮಿನಿಯಂ ಬೇಡ. 6 ಆಂಪಿಯರ್‌ನದಕ್ಕೆ ಕನಿಷ್ಠ 0.75 ಚದರ ಮಿಲಿಮೀಟರ್, 16 ಆಂಪಿಯರ್‌ನದಕ್ಕೆ 1.5. ಈ ಅಂಕಿ ವೈರಿನ ಮೇಲೇ ಅಚ್ಚಾಗಿರುತ್ತದೆ. ಅಚ್ಚೇ ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಆ ಬಾಕ್ಸಿಗೆ ಕಂಪ್ಯೂಟರ್, ಮಾನಿಟರ್, ಫೋನ್ ಚಾರ್ಜರ್ ಹಾಕಿ. ಪ್ರಿಂಟರನ್ನು ಬೇರೆ ಪಾಯಿಂಟಿಗೆ ಕೊಡಿ. ಕೆಟಲ್, ಓವನ್, ಹೀಟರ್ ಥರ ಬಿಸಿ ಮಾಡುವ ಸಾಮಾನೆಲ್ಲ ನೇರ ಗೋಡೆಯ 16 ಆಂಪಿಯರ್ ಪಾಯಿಂಟಿಗೆ. ಅಂಥ ಪಾಯಿಂಟ್ ಇಲ್ಲದಿದ್ದರೆ ಓನರ್ ಹತ್ತಿರ ಮಾತಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಅರ್ಥಿಂಗ್ ಸಮೇತ ಬೇರೆ ಲೈನ್ ಎಳೆಸಿ. ಹಾಗೆ ಮಾಡಿಸುವ ಮೊದಲು ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿಕೊಳ್ಳಿ. ಸಾಲದಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕಾಗುತ್ತದೆ. ಮೀಟರ್ ಓನರ್ ಹೆಸರಲ್ಲಿದ್ದರೆ ಅರ್ಜಿಗೂ ಅವರನ್ನೇ ಹಿಡಿಯಬೇಕು.