ವಿಕಲಚೇತನರಿಗೆ ಗ್ರಂಥಾಲಯ ಸೇವೆ: ಎರಡನೆಯ ಸೂತ್ರದಿಂದ ಶುರು ಮಾಡೋಣ

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಅಧ್ಯಾಪಕ ವೃತ್ತಿಗೆ ಕಾಲಿಟ್ಟದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಗಣಿತ ಮೇಷ್ಟರಾಗಿ. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು ‘ಪ್ರತಿ ಓದುಗನಿಗೂ ಅವನ ಪುಸ್ತಕ’. ಪರೀಕ್ಷೆಯಲ್ಲಿ ವಿಕಲಚೇತನರ ಸೇವೆಯ ಬಗ್ಗೆ ಪ್ರಶ್ನೆ ಬಂದರೆ ಉತ್ತರವನ್ನು ಇಲ್ಲಿಂದಲೇ ಆರಂಭಿಸಿ. ದಯವಿಟ್ಟು ಇದನ್ನು ಕರುಣೆಯ ಕೆಲಸವೆಂದು ಬರೆಯಬೇಡಿ.

ಕಾನೂನು ನೆನಪಿರಲಿ. ವಿಕಲಚೇತನರ ಹಕ್ಕುಗಳಿಗಾಗಿ ಬಂದ 1995ರ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ಅದರ ಜಾಗಕ್ಕೆ ಬಂದ 2016ರ ಕಾಯ್ದೆ 21ನ್ನು ಗುರುತಿಸುತ್ತದೆ. ಡಿಸ್ಲೆಕ್ಸಿಯಾದಂತಹ (ಓದು-ಬರಹದ ತೊಡಕು) ಕಲಿಕಾ ನ್ಯೂನತೆಯೂ ಇದರಲ್ಲಿ ಸೇರಿದೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಅದನ್ನು ಬ್ರೈಲ್, ಧ್ವನಿ ಮುಂತಾದ ರೂಪಕ್ಕೆ ಬದಲಿಸಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಇಂತಹ ಓದುಗರಿಗೆ ಪುಸ್ತಕ ಸಿಗಲೆಂದೇ ಆದ 2013ರ ಅಂತಾರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶ ಭಾರತವೇ, 2014ರಲ್ಲಿ.

ಇಷ್ಟಿದ್ದರೂ ಕನ್ನಡದ ಓದುಗ ಎಡವುವುದು ಕಂಪ್ಯೂಟರ್ ಕಡತದಲ್ಲಿ. ಹಳೆಯ, ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ) ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ ‘ಕಡಲು’ ಎಂಬ ಪದ ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಒಳಗಿರುವುದು ಮಾತ್ರ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ಕಟ್ಟಿರುತ್ತದೆ. ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎಯಂತಹ ತೆರೆ ಓದುಗ ತಂತ್ರಾಂಶ ವೇಷವನ್ನು ಕಾಣದು, ಸಂಕೇತವನ್ನೇ ಓದುತ್ತದೆ. ಅಂಧ ವಿದ್ಯಾರ್ಥಿಯ ಕಿವಿಗೆ ಬೀಳುವುದು ಅರ್ಥವಿಲ್ಲದ ಸದ್ದು. ಪರೀಕ್ಷಿಸುವುದು ಸುಲಭ: ಕಡತದ ಒಂದು ಸಾಲನ್ನು ನಕಲಿಸಿ ಮೊಬೈಲಿನ ಸಂದೇಶ ಪೆಟ್ಟಿಗೆಯಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಸಾಲನ್ನು ಆಯ್ದುಕೊಳ್ಳಲೇ ಆಗದಿದ್ದರೆ ಅದು ಬರಿಯ ಚಿತ್ರ. ಒಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸುವ ತಂತ್ರ) ಮಾಡಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಲೇಬೇಕು. ಪುಟ ಸ್ಕ್ಯಾನ್ ಮಾಡಿಟ್ಟು ‘ಡಿಜಿಟಲೀಕರಣ ಮುಗಿಯಿತು’ ಎನ್ನುವುದನ್ನು ನಾನು ಒಪ್ಪಲಾರೆ.

ಕಟ್ಟಡದ ವಿಷಯ. ಇಳಿಜಾರು ದಾರಿಯ ಅನುಪಾತ 1:12, ಅಂದರೆ 45 ಸೆಂ.ಮೀ. ಎತ್ತರದ ಜಗಲಿಗೆ 5.4 ಮೀಟರ್ ಉದ್ದದ ದಾರಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಬಯಲಿನ ಇಳಿಜಾರಿಗೆ ಪಾಚಿ ಹಿಡಿದರೆ ಗಾಲಿಕುರ್ಚಿ ಜಾರುತ್ತದೆ, ಊರುಗೋಲೂ ನಿಲ್ಲದು. ಆದ್ದರಿಂದ ನಮ್ಮಲ್ಲಿ ಮೇಲೊಂದು ಮಾಡು (ಚಾವಣಿ), ಒರಟು ನೆಲ, ಎರಡೂ ಬದಿ ಹಿಡಿಕಂಬಿ ಬೇಕೇ ಬೇಕು.

ಶ್ರವಣದೋಷವುಳ್ಳವರಿಗೆ ಬರಹದ ಸೂಚನಾ ಫಲಕ, ಸಂಜ್ಞಾಭಾಷೆ ಬಲ್ಲ ಸಿಬ್ಬಂದಿ. ಮನೆಯಿಂದ ಹೊರಡಲಾಗದ ಅಂಧ ಓದುಗರಿಗೆ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಭಂಡಾರ; ಅದರ ಸದಸ್ಯತ್ವ ಮಾಡಿಸಿಕೊಡುವುದೂ ಗ್ರಂಥಪಾಲಕರ ಕೆಲಸ. ಬ್ರೈಲ್, ಧ್ವನಿ, ದೊಡ್ಡ ಅಕ್ಷರ, ಯೂನಿಕೋಡ್ ಕಡತ, ಯಾವ ರೂಪದಲ್ಲಿ ಪುಸ್ತಕವಿದೆ ಎಂಬುದನ್ನು ಕ್ಯಾಟಲಾಗಿನಲ್ಲೇ ನಮೂದಿಸಿ.