ಮುಚ್ಚಿಟ್ಟ ತುಕ್ಕು ಜಾಸ್ತಿ ತಿನ್ನುತ್ತದೆ

ಹಳೇ ಪದ್ಮಿನಿಯನ್ನೋ ಅಂಬಾಸಡರನ್ನೋ ಕಲಬುರಗಿಯ ಡೆಂಟಿಂಗ್-ಪೇಂಟಿಂಗ್ ಶೆಡ್ಡಿಗೆ ಒಯ್ದು, ಬಾಗಿಲ ಕೆಳಗೆ ಉಬ್ಬಿದ ಬಣ್ಣ ತೋರಿಸಿ. "ಜಂಗ್ ಹಿಡದದ ಸಾಹೇಬ್ರ. ಪುಟ್ಟಿ ಹಚ್ಚಿ ಬಣ್ಣ ಹೊಡದ್ರ ಗೊತ್ತೇ ಆಗಂಗಿಲ್ಲ" ಅನ್ನುವ ಉತ್ತರ ಸಿಕ್ಕರೆ ಆಶ್ಚರ್ಯವಿಲ್ಲ. ಗೊತ್ತಾಗುವುದಿಲ್ಲ, ನಿಜ. ಒಂದು ಮಳೆಗಾಲ ಕಳೆಯುವವರೆಗೆ. ಆಮೇಲೆ ಅದೇ ಜಾಗದಲ್ಲಿ ಬಣ್ಣ ಜೋಳದ ರೊಟ್ಟಿಯ ಹಾಗೆ ಉಬ್ಬುತ್ತದೆ. ಬೆರಳಿನಿಂದ ಒತ್ತಿದರೆ ಒಳಗೆ ಕುಸಿಯುತ್ತದೆ.

ಗಾಳಿ ತಾಗದ ಹಾಗೆ ಮುಚ್ಚಿಬಿಟ್ಟರೆ ತುಕ್ಕು ನಿಲ್ಲುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಶಾಲೆಯಲ್ಲೂ ಹಾಗೇ ಕಲಿತದ್ದು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಬೇಕು, ಒಂದನ್ನು ತೆಗೆದರೆ ತುಕ್ಕಿಲ್ಲ. ಅದು ತಪ್ಪಲ್ಲ. ಆದರೆ ಮೂರೂ ಒಂದೇ ಜಾಗದಲ್ಲಿ ಕೂಡಬೇಕು ಅಂತೇನೂ ಇಲ್ಲ. ಆಮ್ಲಜನಕ ಕೆಲಸ ಮಾಡುವ ಜಾಗ ಒಂದು, ಕಬ್ಬಿಣ ಕರಗುವ ಜಾಗ ಇನ್ನೊಂದು. ಕಾರಿನ ಮೈ ಎಲ್ಲಿ, ಯಾಕೆ ತೂತಾಗುತ್ತದೆ ಅನ್ನುವುದೆಲ್ಲ ಈ ಒಂದು ಮಾತಿನಲ್ಲಿದೆ.

1920ರ ದಶಕದಲ್ಲಿ ಕೇಂಬ್ರಿಡ್ಜಿನ ವಿಜ್ಞಾನಿ ಯೂಲಿಕ್ ಇವಾನ್ಸ್ ಒಂದು ಹನಿ ಉಪ್ಪುನೀರಿನಲ್ಲಿ ಇದನ್ನು ತೋರಿಸಿದರು. ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ತಗಡಿನ ಮೇಲೆ ಹನಿ ಇಡಬೇಕು. ಆ ನೀರಿನಲ್ಲಿ ಎರಡು ರಾಸಾಯನಿಕ ಬೆರೆಸಿರಬೇಕು. ಒಂದು ಫಿನಾಲ್ಫ್ತಲೀನ್, ಕ್ಷಾರ ಕಂಡರೆ ಗುಲಾಬಿಯಾಗುತ್ತದೆ. ಇನ್ನೊಂದು ಪೊಟ್ಯಾಸಿಯಂ ಫೆರಿಸೈನೈಡ್, ಕರಗಿದ ಕಬ್ಬಿಣ ಕಂಡರೆ ನೀಲಿಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹನಿಯ ಅಂಚು ಗುಲಾಬಿ, ನಡು ನೀಲಿ. ಎರಡರ ಮಧ್ಯೆ ಕಂದು ಬಣ್ಣದ ಬಳೆ. ಅದೇ ತುಕ್ಕು.

ಅಂಚಿನಲ್ಲಿ ನೀರು ತೆಳುವಾಗಿರುತ್ತದೆ, ಗಾಳಿಯ ಆಮ್ಲಜನಕ ಸಲೀಸಾಗಿ ಇಳಿಯುತ್ತದೆ. ಅಲ್ಲಿ ಅದು ಲೋಹದಿಂದ ಎಲೆಕ್ಟ್ರಾನ್ ಕೇಳುತ್ತದೆ. ಆ ಎಲೆಕ್ಟ್ರಾನ್ ಕೊಡುವುದು ಹನಿಯ ನಡುವಿನ ಕಬ್ಬಿಣ. ಎಲೆಕ್ಟ್ರಾನ್ ತಗಡಿನೊಳಗೇ ಹರಿದು ಅಂಚಿಗೆ ಹೋಗುತ್ತವೆ, ಕಬ್ಬಿಣದ ಅಯಾನುಗಳು ನೀರಿಗೆ ಇಳಿಯುತ್ತವೆ. ಅಲ್ಲಿಗೆ ಒಂದು ಪುಟಾಣಿ ಬ್ಯಾಟರಿ ತಯಾರು. ಗುಂಡಿ ಬೀಳುವುದು ಗಾಳಿ ಕಡಿಮೆ ಇರುವ ನಡುವಿನಲ್ಲಿ. ಕಂದು ಪುಡಿ ಕೂರುವುದು ಅದರಾಚೆ. ಅಂದರೆ ತುಕ್ಕು ಕಾಣುವ ಜಾಗವೇ ತಗಡು ಸವೆದ ಜಾಗ ಆಗಿರಬೇಕಿಲ್ಲ. ಎಷ್ಟು ಚೆಂದದ ಪ್ರಯೋಗ ಅಲ್ವಾ? ಪಿಯುಸಿ ಲ್ಯಾಬಿನಲ್ಲಿ ಮಾಡಿ ತೋರಿಸಬಹುದು.

ಈಗ ನಮ್ಮ ಎರೆ ಮಣ್ಣಿಗೆ ಬನ್ನಿ. ಕಲಬುರಗಿ, ಯಾದಗಿರಿ ಕಡೆ ಬೇಸಿಗೆಯ ಗಾಳಿ ಒಣ. ತೇವಾಂಶ ಸುಮಾರು ಶೇಕಡಾ 60ಕ್ಕಿಂತ ಕಡಿಮೆ ಇದ್ದರೆ, ಕೊಳೆ, ಉಪ್ಪು ಇಲ್ಲದ ಉಕ್ಕಿನ ಮೇಲೆ ತುಕ್ಕು ಬಹಳ ನಿಧಾನ. ಮಂಗಳೂರಿನವರಿಗೆ ಹೋಲಿಸಿದರೆ ನಾವು ಪುಣ್ಯವಂತರು. ಆದರೆ ತೊಗರಿ ಹೊಲದ ದಾರಿಯ ಕಪ್ಪು ಮಣ್ಣು ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡರೆ ಕಥೆ ಬೇರೆ. ಆ ಜೇಡಿಯ ಕಣಗಳು ಪದರ ಪದರವಾಗಿದ್ದು, ಪದರಗಳ ಮಧ್ಯೆ ನೀರು ಹಿಡಿದಿಟ್ಟುಕೊಳ್ಳುತ್ತವೆ. ಮೇಲೆ ಒಣಗಿ ಬಿರುಕು ಬಿಟ್ಟರೂ ತಗಡಿಗೆ ಅಂಟಿದ ಭಾಗ ಹಸಿಯಾಗೇ ಇರುತ್ತದೆ. ಮಣ್ಣಿನ ಅಂಚಿಗೆ ಗಾಳಿ ಸಿಗುತ್ತದೆ, ಒಳಗೆ ಸಿಗುವುದಿಲ್ಲ. ಇವಾನ್ಸರ ಹನಿಯೇ ಇದು, ಅಂಗೈ ಅಗಲದ್ದು.

ಇನ್ನು ಮುಂಬೈಯಿಂದ ಬಂದ ಕಾರಾದರೆ ಜೊತೆಗೆ ಸಮುದ್ರದ ಉಪ್ಪೂ ಬಂದಿರುತ್ತದೆ. ಅಲ್ಲಿಯ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರಲ್ಲಿ. ಅಂಥ ಗಾಡಿಯೊಂದು ನಿಮ್ಮ ಅಂಗಳಕ್ಕೆ ಬಂದರೆ ಮೊದಲು ಎಲ್ಲ ಸಂದಿಗೂ ಸಿಹಿನೀರು ಬಿಟ್ಟು ತೊಳೆಯಿರಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಒಣ ಊರಿನಲ್ಲೂ ತಗಡನ್ನು ಒದ್ದೆಯಾಗಿಡುತ್ತದೆ.

ತಗಡು ಎಷ್ಟು ಉಳಿದಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಬದ್ದ್ ಅನ್ನುತ್ತದೆ. ಬದ್ದ್ ಅಂದ ಕಡೆ ಮೊನೆಯಿಂದ ಚುಚ್ಚಿ. ತೂತಾದರೆ ಬೇಜಾರು ಬೇಡ, ಅಲ್ಲಿ ತಗಡು ಮೊದಲೇ ಹೋಗಿತ್ತು. ಎರಡು ತಗಡು ಸ್ಪಾಟ್ ವೆಲ್ಡಿಂಗಿನಿಂದ ಕೂಡಿದ ಅಂಚನ್ನು ವಿಶೇಷವಾಗಿ ನೋಡಿ. ತುಕ್ಕಿಗೆ ಅದನ್ನು ಹುಟ್ಟಿಸಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಸಂದಿಯೊಳಗೆ ಬೆಳೆದರೆ ಎರಡೂ ತಗಡನ್ನು ಬೆಣೆ ಬಡಿದಂತೆ ಅಗಲಿಸುತ್ತದೆ. ಈ ಕಾರುಗಳಿಗೆ ಬೇರೆ ಚಾಸಿ ಇಲ್ಲ, ಮೈಯೇ ಎಲುಬು. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ ಕೊಳೆತಿದ್ದರೆ ಅದು ಅಂದದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಅದನ್ನು ಕೊರೆಯುವ ಮುಂಚೆ ಕಾರಿನ ಮೈಗೆ ಸರಿಯಾಗಿ ಆನಿಕೆ ಕೊಡಿ. ಇಲ್ಲದಿದ್ದರೆ ಆಮೇಲೆ ಬಾಗಿಲು ಕೂರುವುದಿಲ್ಲ.

ಕೊರೆಯುವಾಗ ಜಿಪುಣತನ ಬೇಡ. ತೂತಿನ ಸುತ್ತ ಹೊಳೆಯುವ, ದಪ್ಪ ಕಳೆದುಕೊಳ್ಳದ ಲೋಹ ಸಿಗುವವರೆಗೆ ತೆಗೆಯಬೇಕು. ಅಷ್ಟೇ ಅಳತೆಗೆ 20 ಗೇಜಿನ, ಅಂದರೆ ಸುಮಾರು 0.9 ಮಿಲಿಮೀಟರಿನ ಸಿಆರ್ (ತಣ್ಣಗೆ ಒತ್ತಿ ತೆಳುವಾಗಿಸಿದ ಉಕ್ಕಿನ) ತಗಡು ಕತ್ತರಿಸಿ ಅಂಚಿಗೆ ಅಂಚು ಕೂಡಿಸಿ. ಒಂದರ ಮೇಲೊಂದು ಹಾಕಿ ಬೆಸೆಯುವುದು ಸುಲಭ, ಆದರೆ ನಡುವೆ ನೀರು ನಿಲ್ಲುವ, ಗಾಳಿ ಆಡದ ಸಂದಿಯನ್ನು ನೀವೇ ಕಟ್ಟಿಕೊಟ್ಟಂತೆ. ಸಿಓಟು (ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತಾ ಮಾಡುವ) ವೆಲ್ಡಿಂಗಿನಲ್ಲಿ ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು ಚುಕ್ಕೆ, ಆರಲು ಬಿಟ್ಟು ಮತ್ತೊಂದು. ಒಂದೇ ಎಳೆಗೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಗ್ಯಾಸಿನಲ್ಲಿ ಹಿತ್ತಾಳೆ ಹರಿಸಿ ಬೆಸೆಯುವ ಹಳೇ ಪದ್ಧತಿ ನನಗೆ ಹಿಡಿಸುವುದಿಲ್ಲ. ಒದ್ದೆಯಾದಾಗ ಹಿತ್ತಾಳೆಯ ಪಕ್ಕದ ಕಬ್ಬಿಣವೇ ಮೊದಲು ಕರಗುವುದು. ಬ್ಯಾಟರಿ ಕಳಚುವುದು, ಪೆಟ್ರೋಲ್ ಟ್ಯಾಂಕ್ ಇಳಿಸುವುದು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ತೂತಿಲ್ಲದೆ ಬರೀ ಗುಂಡಿ ಬಿದ್ದ ಕಡೆ ವೈರ್ ಬ್ರಷ್ ಆದ ಮೇಲೂ ಗುಂಡಿಯ ತಳದಲ್ಲಿ ತುಕ್ಕು ಉಳಿಯುತ್ತದೆ. ಅಲ್ಲಿಗೆ ಫಾಸ್ಫಾರಿಕ್ ಆಮ್ಲ. ಅದು ತುಕ್ಕನ್ನು ಕರಗದ ಕಬ್ಬಿಣದ ಫಾಸ್ಫೇಟಾಗಿ ಬದಲಿಸುತ್ತದೆ. ದೆಹಲಿಯ ಕಬ್ಬಿಣದ ಸ್ತಂಭವನ್ನು ಪವಾಡ ಅನ್ನುವವರು ಇದನ್ನು ಗಮನಿಸಬೇಕು. ಸುಮಾರು 1600 ವರ್ಷದ ಆ ಸ್ತಂಭದ ಕಬ್ಬಿಣದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ. ಅದರಿಂದ ಹುಟ್ಟಿದ ಫಾಸ್ಫೇಟಿನ ಪದರವೇ ಅದನ್ನು ಕಾಯುತ್ತಿದೆ ಅಂತ ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದಾರೆ. ಅಂದಿನ ಕಮ್ಮಾರರ ಕೈಚಳಕ ದೊಡ್ಡದು, ಮಂತ್ರವೇನೂ ಇಲ್ಲ.

ನನಗೆ ಇನ್ನೂ ಇಷ್ಟದ ಲೋಹ ಸತು, ಬೀದರಿನವರ ಸತು. ಬಿದರಿ ಹೂಜಿಯ ಮೈಯಲ್ಲಿ ಸತುವೇ ಹೆಚ್ಚು, ತಾಮ್ರ ಸ್ವಲ್ಪ. ಸಾಮಾನ್ಯವಾಗಿ ಹೇಳುವ ಲೆಕ್ಕ 16 ಪಾಲಿಗೆ 1. ಬೀದರ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ಬಿಸಿನೀರಿಗೆ ಹಾಕಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಬಿಳಿಯಾಗೇ ಉಳಿಯುತ್ತದೆ. ಸತು ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ, ಬೆಳ್ಳಿ ಬಿಡುವುದಿಲ್ಲ. ಸತುವಿನ ಇದೇ ಗುಣ ನಮ್ಮ ಕಾರಿಗೂ ಬೇಕು. ಕಬ್ಬಿಣಕ್ಕೆ ಸತು ತಾಗಿದ್ದರೆ ಆಮ್ಲಜನಕ ಕೇಳುವ ಎಲೆಕ್ಟ್ರಾನನ್ನು ಸತುವೇ ಕೊಡುತ್ತದೆ, ಕಬ್ಬಿಣ ಉಳಿಯುತ್ತದೆ. ಬೆಸುಗೆಯ ಹಿಂಬದಿಗೆ ಸತುವಿನ ಪ್ರೈಮರ್ ಹಚ್ಚುವುದು ಇದಕ್ಕೇ. ಬೆಸೆಯುವ ತುಂಡಿಗೇ ಜಿಐ (ಸತು ಲೇಪಿಸಿದ) ತಗಡು ಬೇಡ. ಸುಟ್ಟ ಸತುವಿನ ಬಿಳಿ ಹೊಗೆ ಕುಡಿದರೆ ಆ ರಾತ್ರಿ ಚಳಿಜ್ವರ ಗ್ಯಾರಂಟಿ.

1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ಹಡಗುಗಳ ತಾಮ್ರದ ಹೊದಿಕೆ ಉಳಿಸಲು ಇದೇ ಉಪಾಯ ಮಾಡಿದರು. ಸತು, ಕಬ್ಬಿಣದ ತುಂಡು ಕಟ್ಟಿದರು. ತಾಮ್ರ ಉಳಿಯಿತು. ಆದರೆ ಕರಗುವ ತಾಮ್ರದ ವಿಷ ಇಲ್ಲವಾದ್ದರಿಂದ ಹಡಗಿನ ತಳಕ್ಕೆ ಚಿಪ್ಪಿನ ಜೀವಿಗಳು ಮೆತ್ತಿಕೊಂಡು ವೇಗ ಕುಸಿಯಿತು! ಉಪಾಯ ಸರಿ, ಹಡಗಿಗೆ ಒಗ್ಗಲಿಲ್ಲ. ಕಾರಿನ ಬ್ಯಾಟರಿಗೆ ಜೋಡಿಸಿ "ತುಕ್ಕು ತಡೆಯುತ್ತದೆ" ಅಂತ ಮಾರುವ ಪೆಟ್ಟಿಗೆಗಳ ತೊಂದರೆಯೂ ಒಗ್ಗದಿರುವುದೇ. ಹಡಗು, ನೆಲದೊಳಗಿನ ಪೈಪು ಸದಾ ನೀರಿನಲ್ಲೋ ಹಸಿ ಮಣ್ಣಿನಲ್ಲೋ ಇರುತ್ತವೆ, ಕರೆಂಟಿನ ಸುತ್ತು ಪೂರ್ತಿಯಾಗುತ್ತದೆ. ಕಾರು ನಿಂತಿರುವುದು ಗಾಳಿಯಲ್ಲಿ. ಸುಮ್ನೆ ದುಡ್ಡು ದಂಡ.

ಶನಿವಾರ ಕಬ್ಬಿಣ ತರಬಾರದು ಅಂತ ತಗಡು ಕೊಳ್ಳುವುದನ್ನು ಸೋಮವಾರಕ್ಕೆ ತಳ್ಳುವವರಿದ್ದಾರೆ. ಅಷ್ಟರಲ್ಲಿ ಕೊರೆದಿಟ್ಟ ಬರಿ ಲೋಹ ಎರಡು ರಾತ್ರಿ ತೇವ ಕುಡಿದಿರುತ್ತದೆ. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ತಂತಿಯಲ್ಲಿ ಕಟ್ಟುವುದೂ ಹಾಗೇ. ನಿಂಬೆಯ ಆಮ್ಲ ಬಕೆಟ್ಟಿನಲ್ಲಿದ್ದರೆ ಚಿಕ್ಕ ಭಾಗಗಳ ತುಕ್ಕು ಬಿಡಿಸುತ್ತದೆ, ಕೂಡಲೇ ತೊಳೆದು ಒಣಗಿಸಿದರೆ. ಬಂಪರಿನ ಮೇಲೆ ತೊಟ್ಟಿಕ್ಕಿ ಹಾಗೇ ಉಳಿದರೆ ಲೋಹವನ್ನೇ ತಿನ್ನುತ್ತದೆ.

ಪುಟ್ಟಿಗೂ ಒಂದು ಜಾಗವಿದೆ. ಬೆಸುಗೆ ಮಟ್ಟ ಮಾಡಿ, ಎಪಾಕ್ಸಿ ಪ್ರೈಮರ್ ಹೊಡೆದು ಒಣಗಿಸಿದ ಮೇಲೆ, ಅದರ ಮೇಲೆ ತೆಳ್ಳಗೆ. ಪುಟ್ಟಿಯಲ್ಲಿರುವುದು ಹೆಚ್ಚಾಗಿ ಟಾಲ್ಕಿನ ಪುಡಿ. ಅದು ನೀರು ಹೀರುತ್ತದೆ, ಬರಿ ಲೋಹಕ್ಕೆ ಆ ನೀರನ್ನು ಅಂಟಿಸಿಡುತ್ತದೆ. ಬಣ್ಣ ಮುಗಿದ ಮೇಲೆ ಟೊಳ್ಳು ಭಾಗಗಳಿಗೆ ಮೇಣದ ಸ್ಪ್ರೇ ಬಿಡಿ. ಬಾಗಿಲ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹೊರಗೆ ಹೋಗುವುದು ಅಲ್ಲಿಂದಲೇ. ಮೇಣವೋ ಹೊಸ ಬಣ್ಣವೋ ಅವನ್ನು ಮುಚ್ಚಿರಬಹುದು. ತಂತಿ ಹಾಕಿ ಬಿಡಿಸಿ, ಒಂದು ಚೊಂಬು ನೀರು ಗಾಜಿನ ಸಂದಿಗೆ ಸುರಿದು ಕೆಳಗೆ ಬರುತ್ತದಾ ನೋಡಿ.