ಕೊಂಡುಕುರಿ ಮತ್ತು ಉತ್ತರ ಕನ್ನಡದ ಮರೆತ ಒಣಕಾಡು

ಉತ್ತರ ಕನ್ನಡದ ಕಾಡೆಂದರೆ ಹೊರಗಿನವರಿಗಷ್ಟೇ ಅಲ್ಲ, ನಮಗೂ ಮೊದಲು ನೆನಪಾಗುವುದು ಶಿರಸಿ, ಸಿದ್ದಾಪುರದ ನಿತ್ಯಹಸಿರಿನ ಕಾನು, ಅಘನಾಶಿನಿ ಕೊಳ್ಳದ ಸಿಂಗಳೀಕ, ದಾಂಡೇಲಿಯ ಮಂಗಟ್ಟೆ. ಇದೇ ಜಿಲ್ಲೆಯ ಮೂಡಣ ಅಂಚಿನಲ್ಲಿ, ಹಳಿಯಾಳ ಮತ್ತು ಮುಂಡಗೋಡ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ತೇಗ, ಮತ್ತಿ, ನೆಲ್ಲಿ ಮರಗಳ ನಡುವೆ ಎತ್ತರದ ಹುಲ್ಲು ಬೆಳೆಯುವ, ಬೇಸಿಗೆಯಲ್ಲಿ ಎಲೆಯುದುರಿ ಬೋಳಾಗುವ ಒಣಕಾಡು ಶುರುವಾಗುತ್ತದೆ. ನಾಲ್ಕು ಕೊಂಬಿನ ಪುಟ್ಟ ಹುಲ್ಲೆಯಾದ ಕೊಂಡುಕುರಿ ಬಯಸುವುದು ಇಂಥ ಕಾಡನ್ನು.

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ಬೊಗಳಿದಂತೆ ಕೂಗುವ ಕಾಡುಕುರಿ ಜಿಂಕೆಯ ಜಾತಿಗೆ ಸೇರಿದ್ದು, ಅದರ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೊಂಡುಕುರಿಯಾದರೋ ಹುಲ್ಲೆ, ಅದರ ಕೊಂಬು ಜೀವಮಾನವಿಡೀ ಉಳಿಯುತ್ತದೆ. ಗಂಡಿಗೆ ಮಾತ್ರ ಕೊಂಬಿದ್ದು, ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮುಂದೆ ಗಿಡ್ಡದಾದ ಇನ್ನೊಂದು ಜೊತೆ ಇರುತ್ತದೆ. ನಾಲ್ಕು ಕೊಂಬಿನ ಕಾಡು ಸಸ್ತನಿ ಜಗತ್ತಿನಲ್ಲಿ ಇದೊಂದೇ. ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಸುಮಾರು 20 ಕಿಲೋ ತೂಗುವ ಈ ಪ್ರಾಣಿ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ ಅಥವಾ ಜೋಡಿಯಾಗಿ ಹುಲ್ಲಿನ ಮರೆಯಲ್ಲಿ ಬದುಕುತ್ತದೆ, ಒಂದೇ ಜಾಗಕ್ಕೆ ಮರಳಿ ಬಂದು ಹಿಕ್ಕೆ ಹಾಕುತ್ತದೆ. ಅದನ್ನು ಹುಡುಕುವವರಿಗೆ ಪ್ರಾಣಿಗಿಂತ ಮೊದಲು ಸಿಗುವುದು ಆ ಹಿಕ್ಕೆಯ ರಾಶಿಯೇ.

ಈ ಒಣಕಾಡನ್ನು ಆಡಳಿತ ನೋಡಿದ್ದು ಮರದ ಲೆಕ್ಕದಲ್ಲಿ. 1862ರಲ್ಲಿ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1878ರ ಅರಣ್ಯ ಕಾಯ್ದೆಯ ನಂತರ ಮೀಸಲು ಕಾಡಿನ ಗಡಿಗಳು ಗಟ್ಟಿಯಾದವು. ಹಳಿಯಾಳ, ದಾಂಡೇಲಿಯ ತೇಗಕ್ಕೆ ಬೆಲೆಯಿತ್ತು. ಹುಲ್ಲಿಗೆ, ಪೊದೆಗೆ ಇರಲಿಲ್ಲ. ಸಹಜ ಕಾಡು ಕಡಿದು ತೇಗದ ನೆಡುತೋಪು ಎಬ್ಬಿಸುವ ಪದ್ಧತಿ ಸ್ವಾತಂತ್ರ್ಯದ ನಂತರವೂ ನಿಲ್ಲಲಿಲ್ಲ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದ ಮೇಲೆ ಬಿದಿರೂ ಲೆಕ್ಕಕ್ಕೆ ಬಂತು, ಬಳಿಕ ನೀಲಗಿರಿ ಮತ್ತು ಅಕೇಶಿಯಾ. ಒಂದೇ ಜಾತಿಯ ಮರ ಸಾಲಾಗಿ ನಿಂತ ತೋಪಿನಲ್ಲಿ ಅಡಗಲು ಪೊದೆಯಿಲ್ಲ, ಚಿಗುರು ಮತ್ತು ಉದುರಿದ ಹಣ್ಣನ್ನು ಆರಿಸಿ ತಿನ್ನುವ ಪ್ರಾಣಿಗೆ ಮೇವೂ ಇಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಭಾಗದ ಜನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದರು. ಆ ಅಪ್ಪಿಕೋ ಚಳವಳಿಯ ಋಣ ಜಿಲ್ಲೆಯ ಮೇಲೆ ದೊಡ್ಡದು. ಆದರೆ ತೋಟ, ನೀರಿನ ಸೆಲೆ, ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಬೆಟ್ಟದ ಜೊತೆ ಬದುಕು ಹೆಣೆದುಕೊಂಡ ಮಲೆನಾಡಿನ ಕಾಡಿಗೆ ಸಿಕ್ಕಷ್ಟು ಗಟ್ಟಿ ದನಿ ಮೂಡಣದ ಒಣಕಾಡಿಗೆ ಸಿಗಲಿಲ್ಲವೆಂದೇ ನನಗೆ ಅನಿಸುತ್ತದೆ. ರಕ್ಷಿತ ಪ್ರದೇಶಗಳ ಚರಿತ್ರೆಯೂ ಹೆಚ್ಚು ಬೇರೆಯಲ್ಲ. 1956ರ ದಾಂಡೇಲಿ ಅಭಯಾರಣ್ಯ ಮತ್ತು 1987ರ ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು, 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಹುಲಿಯ ನೆರಳಿನಲ್ಲಿ ಕೊಂಡುಕುರಿಗೂ ಆಶ್ರಯವಿದೆ ನಿಜ, ಆದರೆ ಆ ಗಡಿಯ ಹೊರಗಿನ ಒಣಕಾಡಿಗೆ ಆ ನೆರಳು ಚಾಚುವುದಿಲ್ಲ.

ಅಲ್ಲಿ ಕೊಂಡುಕುರಿಯನ್ನು ಕಾಡುವುದು ಬೆಂಕಿ, ನೀರು ಮತ್ತು ನಾಯಿ. ಮಳೆಗಾಲದಲ್ಲಿ ಬೆದೆಗೆ ಬರುವ ಹೆಣ್ಣು ಸುಮಾರು 8 ತಿಂಗಳು ಗಬ್ಬವಿದ್ದು ಒಂದೋ ಎರಡೋ ಮರಿ ಹಾಕಿ ಹುಲ್ಲಿನಲ್ಲಿ ಬಚ್ಚಿಡುತ್ತದೆ. ಎಳೆಯ ಮರಿಗಳು ಹೀಗೆ ಅಡಗಿ ಮಲಗಿರುವ ದಿನಗಳಲ್ಲೇ ಕಾಡಿಗೆ ಬೆಂಕಿ ಬೀಳುವ ಕಾಲವೂ ಬರುತ್ತದೆ. ನೀರಿನಿಂದ ದೂರ ಉಳಿಯಲಾಗದ ಪ್ರಾಣಿಯಾದ್ದರಿಂದ, ಹಳ್ಳ ಬತ್ತಿದಾಗ ಊರಂಚಿನ ಕೆರೆಗೆ ಇಳಿಯಲೇಬೇಕು, ಅಲ್ಲಿ ನಾಯಿಗಳಿರುತ್ತವೆ.

ಕೊಂಡುಕುರಿ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಅಂದರೆ ಹುಲಿಯಷ್ಟೇ ರಕ್ಷಣೆ. ದಾವಣಗೆರೆ ಜಿಲ್ಲೆಯ ಜಗಳೂರು ತಾಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಅದರ ಹೆಸರಿನಲ್ಲೇ ವನ್ಯಧಾಮವೆಂದು ಘೋಷಿಸಲಾಯಿತು. ಸುಮಾರು 77 ಚದರ ಕಿಲೋಮೀಟರಿನ ಆ ಕುರುಚಲು ಕಾಡಿಗೆ ಬೆಲೆ ತಂದದ್ದು ತೇಗವಲ್ಲ, ಈ ಪುಟ್ಟ ಹುಲ್ಲೆ. ಮುಂಡಗೋಡ, ಹಳಿಯಾಳದ ಕೆರೆಯಂಚಿನ ಹುಲ್ಲುಗಾಡುಗಳಲ್ಲಿ ಹಿಕ್ಕೆಯ ರಾಶಿಗಳನ್ನು ಗುರುತಿಸಿ ನಕಾಶೆ ಮಾಡುವ, ಅಂಥ ಜಾಗಗಳಲ್ಲಿ ಜನವರಿಗೆ ಮುನ್ನವೇ ಬೆಂಕಿ ಹರಡದಂತೆ ಹುಲ್ಲು ಸವರಿ ಬೆಂಕಿ ರೇಖೆ ತೆಗೆಯುವ ಕೆಲಸಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.